ಪಾಚಿ ಹೋಯಿತು, ಸರಿ. ಬಾಟಲಿಯಲ್ಲಿ ಇದ್ದದ್ದೇನು?

ನಾವಿರುವುದು ನ್ಯೂ ಜೆರ್ಸಿಯಲ್ಲಿ. ಮನೆಯಲ್ಲಿ 75 ಗ್ಯಾಲನ್‌ನ ರೀಫ್ ಟ್ಯಾಂಕ್ ಇದೆ, ಅಂದ್ರೆ ಹವಳ, ಮೀನು ಸಾಕುವ ಗಾಜಿನ ತೊಟ್ಟಿ, ಸುಮಾರು 280 ಲೀಟರ್ ಉಪ್ಪುನೀರಿನದು. ಒಂದು ಜೊತೆ ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್ ಮೀನು, ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು, ಜೊತೆಗೆ ಮೆತ್ತನೆಯವು, ಗಟ್ಟಿಯವು ಎರಡೂ ಬಗೆಯ ಹವಳಗಳು. ಪಾಚಿಗೆ ಅಂತ ಮಾರುವ ಒಂದು ದ್ರವವನ್ನು ಈ ಟ್ಯಾಂಕಿಗೆ ವರ್ಷಗಟ್ಟಲೆ ಹಾಕಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ನನ್ನ ಬಾಟಲಿಯನ್ನು ನಾನು ಲ್ಯಾಬ್‌ಗೆ ಕಳಿಸಿಲ್ಲ, ಪುರಾವೆ ಇಲ್ಲದೆ ಆರೋಪ ಹೊರಿಸುವುದು ಸರಿಯಲ್ಲ. ಅಲ್ಲದೆ, ಇದೇ ಜಾತಿಯ ಬಾಟಲಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಮೊದಲು ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಇದು ಕೆಲಸ ಮಾಡುತ್ತದೆ. ಕಲ್ಲುಗಳ ಮೇಲೆ ಬೆರಳುದ್ದ ಬೆಳೆದಿದ್ದ ಹಸಿರು ಕೂದಲು ಪಾಚಿ ಕೆಲವೇ ವಾರಗಳಲ್ಲಿ ಬಣ್ಣ ಕಳೆದುಕೊಂಡಿತು. ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿದರೂ ಬಿಡದಿದ್ದದ್ದು ನೀರಿನ ಸೆಳೆತಕ್ಕೇ ಕಿತ್ತು ಬರತೊಡಗಿತು. ಗಾಜು ಒರೆಸುವ ಕೆಲಸ ಅರ್ಧಕ್ಕರ್ಧ ಇಳಿಯಿತು. ದುಡ್ಡು ದಂಡ ಅಂತ ಹೇಳಲಾರೆ.

ನನ್ನ ತಕರಾರು ಲೇಬಲ್ ಬಗ್ಗೆ. ಒಳಗೇನಿದೆ ಅಂತ ಅದರ ಮೇಲೆ ಇರುವುದು ಇಷ್ಟೇ: ನೈಸರ್ಗಿಕ ಬ್ಯಾಕ್ಟೀರಿಯಾ ಮತ್ತು ಎಂಜೈಮ್‌ಗಳ ಮಿಶ್ರಣ, ಹವಳಕ್ಕೆ ಅಪಾಯವಿಲ್ಲ. ಯಾವ ಬ್ಯಾಕ್ಟೀರಿಯಾ? ಹೆಸರಿಲ್ಲ. ಒಂದು ಎಂಎಲ್‌ನಲ್ಲಿ ಎಷ್ಟಿವೆ? ಅದೂ ಇಲ್ಲ. ಯಾವ ಎಂಜೈಮ್? ಇಲ್ಲ.

ಸಂಶಯ ಶುರುವಾದದ್ದು ಕೀಟೋ ನೋಡಿ. ಟ್ಯಾಂಕಿನ ಕೆಳಗಿನ ಸಂಪ್‌ ಎಂಬ ಇನ್ನೊಂದು ಚಿಕ್ಕ ತೊಟ್ಟಿಯಲ್ಲಿ, ಬೇರೆ ದೀಪದ ಅಡಿಯಲ್ಲಿ, ನಾನು ಬೇಕಂತಲೇ ಬೆಳೆಸುವ ಪಾಚಿ ಅದು. ನೀರಿನಲ್ಲಿರುವ ನೈಟ್ರೇಟ್, ಫಾಸ್ಫೇಟ್ ಹೀರಿಕೊಂಡು ದಪ್ಪ ಉಂಡೆಯಾಗಿ ಬೆಳೆಯುತ್ತದೆ. ಆರೋಗ್ಯವಾಗಿದ್ದರೆ ಕೈಗೆ ಪಾತ್ರೆ ತಿಕ್ಕುವ ನಾರಿನಷ್ಟು ಗಡುಸು. ಈ ದ್ರವ ಹಾಕುತ್ತಾ ಬಂದ ಹಾಗೆ ಅದರ ಎಳೆಗಳು ತುದಿಯಿಂದ ಗಾಜಿನ ಹಾಗೆ ಬೆಳ್ಳಗಾದವು. ಎತ್ತಿ ಹಿಡಿದರೆ ಲೊಳಲೊಳ. ಹಿಂಡಿದರೆ ಬೆರಳ ಸಂದಿಯಲ್ಲಿ ಪುಡಿಪುಡಿ.

ಬ್ಯಾಕ್ಟೀರಿಯಾ ಪಾಚಿಯ ಊಟ ಕಸಿದುಕೊಳ್ಳುತ್ತದೆ, ಪಾಚಿ ಹಸಿದು ಸಾಯುತ್ತದೆ ಎನ್ನುವುದು ಇಂಥ ಬಾಟಲಿಗಳ ವಾದ. ಹಾಗಿದ್ದರೆ ಮೊದಲು ನೀರಿನ ನೈಟ್ರೇಟ್ ಇಳಿಯಬೇಕು, ಆಮೇಲೆ ಪಾಚಿ ಸೊರಗಬೇಕು. ನನ್ನ ಟ್ಯಾಂಕಿನಲ್ಲಿ ಆದದ್ದು ಉಲ್ಟಾ. ಪಾಚಿ ಮೊದಲು ಸತ್ತಿತು, ಅದು ಕೊಳೆತ ಮೇಲೆ ನೈಟ್ರೇಟ್ ಏರಿತು. ಊಟ ಎದುರಿಗೇ ಇದ್ದಾಗ ಸತ್ತದ್ದು ಹಸಿವಿನಿಂದ ಸತ್ತದ್ದಲ್ಲ. ಅದನ್ನು ಏನೋ ಕೊಂದಿದೆ.

ಕಂಪನಿಗೆ ಬರೆದೆ. ಉತ್ತರ ತುಂಬ ಮರ್ಯಾದೆಯಿಂದಲೇ ಬಂತು: ಇದು ನಮ್ಮ ಸ್ವಂತ ಫಾರ್ಮುಲಾ, ವಿವರ ಕೊಡಲಾಗುವುದಿಲ್ಲ. ವ್ಯಾಪಾರದ ಗುಟ್ಟು ನನಗೂ ಅರ್ಥವಾಗುತ್ತದೆ. ಸಾರಿನಪುಡಿ ಮಾರುವವರು ಅಳತೆ ಹೇಳಬೇಕಿಲ್ಲ. ಆದರೆ ಅದರಲ್ಲಿ ಕಡಲೆಕಾಯಿ ಇದೆಯಾ ಅಂತ ಕೇಳಿದರೆ ಹೇಳಲೇಬೇಕು, ಅಲ್ವಾ?

ಇದು ನನ್ನೊಬ್ಬನ ಅನುಮಾನ ಅಲ್ಲ. ಇಲ್ಲಿ ಅಮೆರಿಕದಲ್ಲಿ ಕೆಲವು ವರ್ಷಗಳ ಹಿಂದೆ ಬ್ಯಾಕ್ಟೀರಿಯಾ ಅಂತಲೇ ಹೆಸರಾಗಿದ್ದ ಒಂದು ಜನಪ್ರಿಯ ಬಾಟಲಿಯನ್ನು ರಸಾಯನಶಾಸ್ತ್ರ ಗೊತ್ತಿದ್ದ ರೀಫ್ ಹವ್ಯಾಸಿಗಳು ಪರೀಕ್ಷೆಗೆ ಒಡ್ಡಿದರು. ಅಣುಗಳ ರಚನೆ ಗುರುತಿಸುವ ಎನ್‌ಎಂಆರ್ ಯಂತ್ರದಲ್ಲಿ ಸಿಕ್ಕ ಗುರುತು ಆಲ್ಗೆಫಿಕ್ಸ್ ಎಂಬ ಪಾಚಿನಾಶಕದ ಗುರುತಿಗೆ ಹೊಂದಿತು. ಎರಡರಲ್ಲೂ ಇದ್ದದ್ದು ಪಾಲಿಕ್ವಾಟ್ ಜಾತಿಯ ಒಂದು ಪಾಲಿಮರ್, ಅಂದ್ರೆ ಸರಪಳಿಯಂಥ ಉದ್ದನೆಯ ಅಣು. ಈಜುಕೊಳದ ಪಾಚಿಗೆ ಪಾಲಿಕ್ವಾಟ್ 60 ಅಂತ ಮಾರುವುದೂ ಇದೇ ವಸ್ತುವನ್ನು, ಇನ್ನೂ ಗಟ್ಟಿಯಾಗಿ. ಅದರ ಮೇಲೆ ಧನ ವಿದ್ಯುದಂಶ ಇರುತ್ತದೆ. ಋಣ ವಿದ್ಯುದಂಶ ಇರುವ ಪಾಚಿಯ ಕೋಶಕ್ಕೆ ಹೋಗಿ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ.

ಆಲ್ಗೆಫಿಕ್ಸ್ ಲೇಬಲ್ ನೋಡಿ. ರಾಸಾಯನಿಕದ ಉದ್ದನೆಯ ಹೆಸರು ಇದೆ, ಪಕ್ಕದಲ್ಲಿ 4.5% ಅಂತ ಇದೆ. ಸಿಹಿನೀರಿನ ಟ್ಯಾಂಕಿಗೆ ಅಂತ ಮಾರುವ ಬಾಟಲಿಯ ಮೇಲೆ ಸೀಗಡಿ, ಏಡಿ ಇರುವ ಟ್ಯಾಂಕಿಗೆ ಹಾಕಬೇಡಿ ಎಂಬ ಎಚ್ಚರಿಕೆಯೂ ಇದೆ. ಅದನ್ನು ಓದಿ ಬೇಕೋ ಬೇಡವೋ ಅಂತ ನಾನೇ ತೀರ್ಮಾನ ಮಾಡಬಹುದು. ಬ್ಯಾಕ್ಟೀರಿಯಾ ಎಂದು ಬರೆದ ಬಾಟಲಿಯಲ್ಲಿ ಅದೇ ವಸ್ತು ಇದ್ದರೆ ಆ ತೀರ್ಮಾನ ನನ್ನ ಕೈಯಲ್ಲಿ ಇರುವುದಿಲ್ಲ. ಸೀಗಡಿ ಸಾಕಿದವರು ನಿಶ್ಚಿಂತೆಯಿಂದ ಹಾಕುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಪಾಚಿ ಜಾಸ್ತಿ ಆಯಿತು ಅಂತ ಒಬ್ಬರು ಎರಡೂ ಬಾಟಲಿ ಒಟ್ಟಿಗೆ ಹಾಕಬಹುದು, ಒಂದು ಔಷಧಿ, ಇನ್ನೊಂದು ಬ್ಯಾಕ್ಟೀರಿಯಾ ಅಂದುಕೊಂಡು. ಟ್ಯಾಂಕಿಗೆ ಬೀಳುವುದು ಒಂದೇ ವಿಷದ ಎರಡು ಡೋಸ್.

ಇಲ್ಲಿನ ಕಾನೂನಿನಲ್ಲಿ ಪಾಚಿ ಕೊಲ್ಲುತ್ತದೆ ಅಂತ ಹೇಳಿಕೊಂಡು ಮಾರುವ ವಸ್ತು ಪೆಸ್ಟಿಸೈಡ್ ಲೆಕ್ಕಕ್ಕೆ ಬರುತ್ತದೆ. ಪರಿಸರ ಇಲಾಖೆ ಇಪಿಎಯಲ್ಲಿ ನೋಂದಣಿ ಆಗಬೇಕು. ಲೇಬಲ್ ಮೇಲೆ ನೋಂದಣಿ ಸಂಖ್ಯೆ, ಕೆಲಸ ಮಾಡುವ ರಾಸಾಯನಿಕದ ಹೆಸರು, ಅದರ ಶೇಕಡಾ ಪ್ರಮಾಣ ಇರಬೇಕು. ಅದಕ್ಕೇ ಬಾಟಲಿ ಕೈಗೆ ಬಂದರೆ ನಾನು ಈಗ ಮೊದಲು ಹುಡುಕುವುದು ಆ ಇಪಿಎ ಸಂಖ್ಯೆಯನ್ನು. ನನ್ನ ಬಾಟಲಿಯ ಮೇಲೆ ಅದಿಲ್ಲ. ಪಾಚಿ ಕೊಲ್ಲುತ್ತದೆ ಎಂಬ ಮಾತೂ ಇಲ್ಲ. ಟ್ಯಾಂಕ್ ಸ್ವಚ್ಛವಾಗಿಡುತ್ತದೆ ಅಂತ ಮಾತ್ರ ಇದೆ.

ಕೆಂಪು ಲೋಳೆ ತೆಗೆಯುವ ಪುಡಿಗಳ ಕಥೆಯೂ ಇಂಥದ್ದೇ. ಆ ಕೆಂಪು ಲೋಳೆ ಪಾಚಿ ಅಲ್ಲವೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದಕ್ಕೆ ಎರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್ ನಾಟುತ್ತದೆ. ಪುಡಿಯಲ್ಲಿ ಏನಿದೆ ಎಂದು ಬರೆಯದಿದ್ದರೆ, ಬದಲಿಸಿದ ನೀರಿನ ಜೊತೆ ಮೋರಿಗೆ ಏನು ಸುರಿಯುತ್ತಿದ್ದೇನೆ ಎನ್ನುವುದು ನನಗೆ ಗೊತ್ತಾಗುವುದು ಹೇಗೆ? 2023ರ ಡಿಸೆಂಬರ್‌ನಲ್ಲಿ ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಲಂಕಾರಿಕ ಮೀನಿಗೂ ಹಕ್ಕಿಗೂ ಅನುಮತಿಯಿಲ್ಲದ ಆಂಟಿಬಯಾಟಿಕ್ ಮಾರುವ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಹೆಸರು ಬರೆದ ಔಷಧಿಗೇ ಇಷ್ಟು ಬಿಗಿ. ಹೆಸರೇ ಬರೆಯದಿದ್ದರೆ ಕೇಳುವವರು ಯಾರು?

ಹೆಸರು ಗೊತ್ತಿದ್ದರೆ ಎಷ್ಟು ಅನುಕೂಲ ಎನ್ನುವುದಕ್ಕೆ ಫ್ಲುಕೊನಜೋಲ್ ನೋಡಿ. ಊರಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ 150 ಎಂಜಿ ಶಿಲೀಂಧ್ರದ ಮಾತ್ರೆ, ಅದೇ. ಬ್ರಯಾಪ್ಸಿಸ್ ಎಂಬ ಜರಿಗಿಡದಂಥ ಪಾಚಿಗೆ ರೀಫ್ ಇಟ್ಟವರು ಇದನ್ನು ಬಳಸುತ್ತಾರೆ. ವಾಡಿಕೆಯ ಲೆಕ್ಕ ಗ್ಯಾಲನ್‌ಗೆ 20 ಎಂಜಿ, ನನ್ನ ಟ್ಯಾಂಕಿಗೆ 1500 ಎಂಜಿ. ಇದು ಶಿಲೀಂಧ್ರದ ಪೊರೆಗೆ ಬೇಕಾದ ಸ್ಟೆರಾಲ್ ತಯಾರಾಗದಂತೆ ತಡೆಯುವ ಔಷಧಿ, ಅದಕ್ಕೇ ಪರಿಣಾಮ ನಿಧಾನ. ಫಿಲ್ಟರಿನಲ್ಲಿರುವ ಕಾರ್ಬನ್, ಅಂದ್ರೆ ಇದ್ದಿಲನ್ನು, ಹೊರಗೆ ತೆಗೆದಿಡಬೇಕು, ಇಲ್ಲವಾದರೆ ಔಷಧಿಯನ್ನೇ ಅದು ಹೀರಿಕೊಳ್ಳುತ್ತದೆ. ಹೆಸರು ಒಂದು ಸಿಕ್ಕಿದ್ದಕ್ಕೆ ಇಷ್ಟೆಲ್ಲ ತಿಳಿಯಿತು. ಏನಾದರೂ ಎಡವಟ್ಟಾದರೆ ಪಶುವೈದ್ಯರಿಗೆ ಹೇಳುವುದಕ್ಕೂ ಒಂದು ಹೆಸರು ಇರುತ್ತದೆ.

ನನ್ನ ಟ್ಯಾಂಕಿನ ಹವಳಗಳು ಬದುಕಿವೆ, ಅದನ್ನೂ ಹೇಳಬೇಕು. ಮೀನುಗಳೂ ಚೆನ್ನಾಗಿವೆ. ಆದರೆ ಮಾಂಟಿಪೊರಾ ಎಂಬ ಒಂದು ಗಟ್ಟಿ ಹವಳ ಅಂಚಿನಲ್ಲಿ ಬೆಳ್ಳಗಾಗಿ ಬೆಳವಣಿಗೆ ನಿಲ್ಲಿಸಿತು. ದ್ರವದಿಂದ ಆಯಿತೋ, ಸಾಯುತ್ತಿದ್ದ ಪಾಚಿಯಿಂದ ನೀರು ಕೆಟ್ಟು ಆಯಿತೋ ಬಿಡಿಸಿ ಹೇಳಲು ಆಗದು. ಒಳಗೇನಿದೆ ಅಂತ ಗೊತ್ತಿದ್ದಿದ್ದರೆ ಆ ಪ್ರಶ್ನೆಗೆ ಉತ್ತರ ಹುಡುಕಬಹುದಿತ್ತು.

ಇಂಥ ಬಾಟಲಿ ನಿಮ್ಮ ಮನೆಯಲ್ಲೂ ಇದ್ದು, ಮುಂದುವರಿಸಲೇಬೇಕು ಅನ್ನಿಸಿದರೆ: ಮೊದಲು ಪಾಚಿಯನ್ನು ಕೈಯಲ್ಲೇ ಆದಷ್ಟು ಕಿತ್ತು ತೆಗೆಯಿರಿ. ಒಮ್ಮೆಲೇ ಎಲ್ಲ ಸತ್ತರೆ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ರಾತ್ರಿ ಹೊತ್ತು ಮೀನುಗಳಿಗೆ ಕಷ್ಟ. ಗಾಳಿಯ ಪಂಪ್ ಓಡಲಿ. ಬೇರೆ ಯಾವ ಪಾಚಿ ಔಷಧಿಯನ್ನೂ ಜೊತೆಗೆ ಹಾಕಬೇಡಿ. ಕೀಟೋ ಮೇಲೆ ಕಣ್ಣಿರಲಿ, ಅದು ಬೆಳ್ಳಗಾದರೆ ನಿಲ್ಲಿಸಿ ಕಾರ್ಬನ್ ಹಾಕಿ.

ನಾನಂತೂ ಈಗ ನಿಲ್ಲಿಸಿದ್ದೇನೆ. ಊಟ ಹಾಕುವುದು ಕಡಿಮೆ ಮಾಡಿದೆ, ಆರ್‌ಓ ಫಿಲ್ಟರಿನ ರೆಸಿನ್ ಬದಲಿಸಿದೆ, ಟರ್ಬೋ ಬಸವನಹುಳುಗಳನ್ನು ತಂದು ಬಿಟ್ಟೆ. ಪಾಚಿ ಅಲ್ಲಲ್ಲಿ ಇದೆ, ಕೈಯಲ್ಲಿ ತೆಗೆಯುತ್ತೇನೆ. ಕೀಟೋ ಮತ್ತೆ ಹಸಿರಾಗಿ ಗಡುಸಾಗುತ್ತಿದೆ.

ಕೆಲಸಕ್ಕೆ 5ಕ್ಕೆ 4 ಕೊಡುತ್ತೇನೆ. ಲೇಬಲ್‌ಗೆ ಸೊನ್ನೆ. ಒಟ್ಟು 5ಕ್ಕೆ 2. ಒಳಗಿರುವ ವಸ್ತುವಿನ ಹೆಸರು ಮತ್ತು ಶೇಕಡಾ ಪ್ರಮಾಣ ಬಾಟಲಿಯ ಮೇಲೆ ಅಚ್ಚಾದ ದಿನ ಅಂಕ ತಿದ್ದುತ್ತೇನೆ. ಅದು ಪಾಲಿಕ್ವಾಟ್ ಅಂತಲೇ ಬರೆದಿದ್ದರೂ ಸರಿ, ತಿದ್ದುತ್ತೇನೆ.