ಫೋರ್ ಬೈ ಫೋರ್ ಲೈಟ್ ಹತ್ತಿತು ಅಂತ ಪಿಕಪ್ ತಗೋಬೇಡಿ

ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಸಿಗುವ) ಪಿಕಪ್ ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ. ಅದರಲ್ಲೂ ವಾರವೆಲ್ಲ ತೋಟದ ಕೆಲಸಕ್ಕೆ, ಶನಿವಾರ ಭಾನುವಾರ ಸುತ್ತಾಟಕ್ಕೆ ಅಂತ ಲೆಕ್ಕ ಹಾಕಿರುವ ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು. ನನಗೆ ಮಾರಿದ ಗಾಡಿಯಲ್ಲಿ ಫೋರ್ ವೀಲ್ ಡ್ರೈವ್ ಕೆಲಸವೇ ಮಾಡುತ್ತಿರಲಿಲ್ಲ. ಲಿವರ್ ಇತ್ತು. ಲೈಟ್ ಇತ್ತು. ಹಿಂದಿನ ಬಾಗಿಲ ಮೇಲೆ ದೊಡ್ಡ ಸ್ಟಿಕ್ಕರ್ ಕೂಡ ಇತ್ತು. ಮುಂದಿನ ಚಕ್ರ ತಿರುಗಿಸುವ ಶಾಫ್ಟ್ ಒಂದು ಇರಲಿಲ್ಲ. ಅದು ಗೊತ್ತಾಗಿದ್ದು ಶರಾವತಿ ಹಿನ್ನೀರಿನ ಹೂಳಿನಲ್ಲಿ ಗಾಡಿ ಹೂತುಹೋದ ಮೇಲೆ.

ಗಾಡಿ ಡಬಲ್ ಕ್ಯಾಬ್ ಪಿಕಪ್. ಕಂಪನಿ ಹೆಸರು ಬರೆಯುವುದಿಲ್ಲ, ತಪ್ಪು ಕಂಪನಿಯದ್ದಲ್ಲ. ಮಾರಿದವರು ಹಳೆ ಗಾಡಿಗಳ ಡೀಲರ್ ಒಬ್ಬರು. ಅವರ ಹೆಸರೂ ಇಲ್ಲಿ ಬೇಡ. ನನಗೆ ಬೇಕಿದ್ದದ್ದು ಗೊಬ್ಬರ, ಅಡಿಕೆ ಚೀಲ, ಪೈಪು ಸಾಗಿಸೋಕೆ ಒಂದು ಗಾಡಿ. ಮಳೆಗಾಲದಲ್ಲಿ ತೋಟದ ಏರು ಹತ್ತಬೇಕು, ಅಷ್ಟೇ. ಜೊತೆಗೆ ಒಂದು ಹಳೇ ಆಸೆ ಇತ್ತು. ಯಾವತ್ತಾದರೂ ರಾಜಸ್ಥಾನಕ್ಕೆ ಹೋಗಿ, ಜೈಸಲ್ಮೇರ್ ಹತ್ತಿರದ ಸಮ್ ಮರಳುದಿಬ್ಬಗಳಲ್ಲಿ ಒಂದು ಸುತ್ತು ಹೊಡೆಯಬೇಕು. ಹೆಂಡತಿ ಈಗಲೂ ನಗುತ್ತಾಳೆ, ಇರಲಿ.

ಡೀಲರ್ ಗಾಡಿ ತೋರಿಸಿದ ರೀತಿ ಹೇಳುತ್ತೇನೆ, ನಿಮಗೂ ಹೀಗೇ ತೋರಿಸಬಹುದು. ಮೊದಲು ಟಾರ್ ರಸ್ತೆಯಲ್ಲಿ ಓಡಿಸಿದರು. ಆಮೇಲೆ ಒಂದು ಮಣ್ಣಿನ ರಸ್ತೆಗೆ ತಿರುಗಿಸಿ, ಗಾಡಿ ನಿಲ್ಲಿಸಿ, ಲಿವರ್ ಎಳೆದು ಫೋರ್ ಎಲ್‌ಗೆ, ಅಂದರೆ ನಾಲ್ಕು ಚಕ್ರದ ನಿಧಾನ ಗೇರಿಗೆ, ಹಾಕಿದರು. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಲೈಟ್ ಹತ್ತಿತು. ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಗುರ್ ಅಂತ ಗುಡುಗಿ ಗಾಡಿ ನಿಧಾನಕ್ಕೆ ಏರು ಹತ್ತಿತು. "ನೋಡಿ ಸರ್, ಫೋರ್ ಬೈ ಫೋರ್ ಪಕ್ಕಾ ವರ್ಕಿಂಗ್" ಅಂದರು. ಪಕ್ಕದಲ್ಲಿ ಕೂತವರಿಗೆ ನಂಬದೇ ಇರೋಕೆ ಕಾರಣವೇ ಇಲ್ಲ.

ಇಲ್ಲಿರುವ ಕಿತಾಪತಿ ಅರ್ಥ ಮಾಡಿಕೊಳ್ಳಿ. ಇಂಥ ಪಿಕಪ್‌ಗಳಲ್ಲಿ ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರಿಂದ ಒಂದು ಶಾಫ್ಟ್ ಹಿಂದಿನ ಆಕ್ಸಲ್‌ಗೆ, ಇನ್ನೊಂದು ಮುಂದಿನ ಆಕ್ಸಲ್‌ಗೆ ಹೋಗುತ್ತದೆ. ಮುಂದಿನ ಶಾಫ್ಟ್ ಬಿಚ್ಚಿ ಎಸೆದರೂ ಗಾಡಿ ಹಿಂದಿನ ಚಕ್ರದ ಮೇಲೆ ಆರಾಮಾಗಿ ಓಡುತ್ತದೆ. ಫೋರ್ ಎಲ್‌ಗೆ ಹಾಕಿದರೆ ಒಳಗಿನ ಸಣ್ಣ ಗೇರು ಕಚ್ಚಿಕೊಳ್ಳುತ್ತದೆ, ವೇಗ ಇಳಿಯುತ್ತದೆ, ಎಳೆತ ಜಾಸ್ತಿ ಆಗುತ್ತದೆ. ಆ ಗುಡುಗು, ಆ ನಿಧಾನ ಎರಡೂ ನಿಜ. ಆದರೆ ಎಳೆಯುತ್ತಿರೋದು ಹಿಂದಿನ ಎರಡು ಚಕ್ರ ಮಾತ್ರ. ಇನ್ನು ಆ ಲೈಟು? ಅದರ ಸ್ವಿಚ್ ಇರೋದು ಟ್ರಾನ್ಸ್‌ಫರ್ ಕೇಸ್ ಮೇಲೆ. ಒಳಗೆ ಗೇರು ಬಿತ್ತೋ ಇಲ್ವೋ ಅನ್ನೋದಷ್ಟೇ ಅದಕ್ಕೆ ಗೊತ್ತು. ಮುಂದೆ ಶಾಫ್ಟ್ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು?

ಈಗ ಹಿನ್ನೀರಿನ ಕಥೆ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದಾಗ ಮುಳುಗಿದ ನೆಲ ಬೇಸಿಗೆಯಲ್ಲಿ ಮೈಲಿಗಟ್ಟಲೆ ಮೇಲೆದ್ದು ಕಾಣುತ್ತದೆ. ನೀರು ತೀರಾ ಇಳಿದ ವರ್ಷ ಅದಕ್ಕೂ ಹಿಂದಿನ ಮಡೆನೂರು ಡ್ಯಾಮ್ ಕೂಡ ಹೊರಗೆ ಬರುತ್ತದೆ. ಬಿರುಕು ಬಿಟ್ಟ ಬೂದು ನೆಲ, ಎಲ್ಲಿ ನೋಡಿದರೂ ಬಯಲು, ದೂರದಲ್ಲಿ ಬಿಸಿಲಕುದುರೆ. ಮಲೆನಾಡಿನ ಮರುಭೂಮಿ ಅಂತ ವಿಡಿಯೋ ಹಾಕುತ್ತಾರಲ್ಲ, ಅದು ಇದೇ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆದ ಮೇಲೆ ಲಾಂಚ್‌ಗೆ ಕಾಯುವ ಕೆಲಸವೂ ಇಲ್ಲ, ಆ ಕಡೆ ಗಾಡಿಗಳ ಓಡಾಟ ಜಾಸ್ತಿ. ರಾಜಸ್ಥಾನಕ್ಕೆ ಹೋಗೋ ಮೊದಲು ಇಲ್ಲೇ ಒಂದು ಟ್ರಯಲ್ ಆಗಲಿ ಅಂತ ಭಾವ ಹೊರಡಿಸಿದರು. ಒಂದು ಭಾನುವಾರ ಅವರು, ಅವರ ಇಬ್ಬರು ಮಕ್ಕಳು, ನಾನು ಹೊರಟೆವು.

ಟ್ರ್ಯಾಕ್ಟರ್ ಓಡಾಡಿದ ಜಾಡು ಇತ್ತು, ಅದರ ಮೇಲೇ ಹೋಗುತ್ತಿದ್ದೆವು. ನೀರಿನ ಅಂಚು ಇನ್ನೂ ಸುಮಾರು ದೂರ ಇತ್ತು. ಮೇಲೆ ನೆಲ ಹಪ್ಪಳದ ಹಾಗೆ ಒಣಗಿತ್ತು. ಮೊದಲು ಸ್ಟಿಯರಿಂಗ್ ಹಗುರಾಯಿತು. ಆಮೇಲೆ ಗಾಡಿಯ ಮೂತಿ ಕೆಳಗೆ ವಾಲಿತು. ಫೋರ್ ಎಚ್ (ನಾಲ್ಕು ಚಕ್ರದ ಮಾಮೂಲಿ ವೇಗದ ಗೇರು) ಹಾಕಿದೆ, ಆಮೇಲೆ ಫೋರ್ ಎಲ್. ಲೈಟ್ ಹತ್ತುತ್ತಿದೆ, ಹಿಂದಿನ ಚಕ್ರ ಕೆಸರು ಚಿಮ್ಮುತ್ತಿದೆ, ಗಾಡಿ ಮಾತ್ರ ಕೂತಲ್ಲೇ ಇಳಿಯುತ್ತಿದೆ. ಭಾವನ ದೊಡ್ಡ ಮಗ ಕೆಳಗಿಳಿದು ನೋಡುತ್ತಿದ್ದವನು ಕೂಗಿದ: "ಮಾವಾ, ಮುಂದಿನ ಚಕ್ರ ತಿರುಗ್ತಾನೇ ಇಲ್ಲ."

ಇಲ್ಲಿ ಒಂದು ಮಾತು. ಮರುಭೂಮಿಯ ಬುದ್ಧಿವಾದ ಹಿನ್ನೀರಿಗೆ ನಡೆಯೋದಿಲ್ಲ. ಮರಳಲ್ಲಿ ಟಯರ್ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸುತ್ತಾರೆ. ಟಯರ್ ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ನಿಲ್ಲದೆ ಒಂದೇ ಓಟದಲ್ಲಿ ಹೋಗು ಅಂತಾರೆ. ಜೈಸಲ್ಮೇರ್‌ನಲ್ಲಿ ಅದೆಲ್ಲ ಸರಿ, ಅಲ್ಲಿ ಕೆಳಗೂ ಮರಳೇ. ಹಿನ್ನೀರಿನಲ್ಲಿ ಮೇಲೊಂದು ಒಣ ಪದರ, ಕೆಳಗೆ ಹಸಿ ಹೂಳು. ಇದಕ್ಕೆ ಹತ್ತಿರದ ಜಾಗ ಅಂದರೆ ಥಾರ್ ಅಲ್ಲ, ಕಛ್‌ನ ರಣ್. ಅಲ್ಲೂ ಬೆಳ್ಳಗಿನ ಉಪ್ಪಿನ ಪದರದ ಕೆಳಗೆ ಕೆಸರೇ ಇರೋದು. ಓಟದಲ್ಲಿ ನುಗ್ಗಿದರೆ ಇನ್ನೂ ಒಳಗೆ ಹೋಗಿ ಹೂಳುತ್ತೀರಿ, ಅಷ್ಟೇ. ಗಾಳಿ ಇಳಿಸಿದರೆ ಇನ್ನೊಂದು ತಾಪತ್ರಯ. ಆಣೆಕಟ್ಟಿನ ಕಾಲದಲ್ಲಿ ಮುಳುಗಿದ ಮರಗಳ ಬುಡ ಅಲ್ಲಲ್ಲಿ ಹಾಗೇ ನಿಂತಿವೆ, ಕಬ್ಬಿಣದಷ್ಟು ಗಟ್ಟಿ. ಮೆತ್ತಗಾದ ಟಯರ್‌ನ ಪಕ್ಕ ಸೀಳೋಕೆ ಒಂದೇ ಒಂದು ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರಂತೂ ಮುಗೀತು, ನಡೆಯೋಕೂ ಆಗಲ್ಲ. ಆ ನೆಲ ಕೆಪಿಸಿಯದ್ದು (ಕರ್ನಾಟಕ ವಿದ್ಯುತ್ ನಿಗಮ), ಸುತ್ತ ಎಷ್ಟೋ ಕಡೆ ಅಭಯಾರಣ್ಯದ ಗಡಿ ಇದೆ ಅನ್ನೋದೂ ನೆನಪಿರಲಿ.

ಖಾಲಿ ಪಿಕಪ್‌ನ ಹಿಂಭಾಗ ಹಗುರ. ಇಂಜಿನ್ ಭಾರವೆಲ್ಲ ಮುಂದೆ. ಹಾಗಾಗಿ ಮುಂದಿನ ಚಕ್ರ ತಿರುಗದಿದ್ದರೆ ಮೂತಿ ಹೂತುಕೊಳ್ಳುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಸಿಗೋದಿಲ್ಲ. ಕಾರಿಗಿಂತ ಪಿಕಪ್ ಗಟ್ಟಿ ಅಂದುಕೊಳ್ಳುವವರಿಗೆ ಇದು ಯಾರೂ ಹೇಳೋದಿಲ್ಲ.

ಜಾಕ್ ಇಟ್ಟರೆ ಜಾಕೇ ಒಳಗೆ ಹೋಯಿತು. ಫೋನಿಗೆ ನೆಟ್‌ವರ್ಕ್ ಇಲ್ಲ. ಹುಡುಗರು ನಡೆದು ಹೋಗಿ ಊರಿಂದ ಒಬ್ಬರನ್ನು ಕರೆದುಕೊಂಡು ಬರುವಾಗ ಬಿಸಿಲು ಇಳಿದಿತ್ತು. ಅವರು ಬಂದು ನಿಂತು ನೋಡಿ, "ಎಂಥ ಮಾರಾಯ್ರೆ, ಹೊಲ ಹೂಡೋಕೆ ಬಂದಿರಾ?" ಅಂದರು. ಮನೆಯಿಂದ ಅಡಿಕೆ ದಬ್ಬೆ ತರಿಸಿ ಚಕ್ರದ ಮುಂದೆ ಹಾಸಿದರು, ಮೇಲೆ ಸೊಪ್ಪು ಹಾಕಿದರು. ಟ್ರ್ಯಾಕ್ಟರ್ ಅನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಉದ್ದ ಸರಪಳಿ ಬಿಟ್ಟರು. ಮೊದಲ ಎಳೆತಕ್ಕೆ ಹಿಂದಿನ ಬಂಪರ್ ಕಿತ್ತು ಬಂತು, ಏಕೆಂದರೆ ಕೊಕ್ಕೆ ಸಿಕ್ಕಿಸಿದ್ದು ಅದಕ್ಕೇ. ಆಮೇಲೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕಟ್ಟಿ ಎಳೆದರು. ಸರಪಳಿಯಾಗಲಿ ಹಗ್ಗವಾಗಲಿ ಕಟ್ಟೋದು ಚಾಸಿಗೆ ಬೋಲ್ಟ್ ಆಗಿರುವ ಕೊಂಡಿಗೇ. ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡಿಗಂತೂ ಕಟ್ಟಲೇಬೇಡಿ. ಅದು ಮುರಿದು ಹಾರಿದರೆ ತಲೆ ಒಡೆಯುತ್ತದೆ. ಎಳೆಯುವಾಗ ಜನ ದೂರ ನಿಲ್ಲಬೇಕು.

ಆ ಪುಣ್ಯಾತ್ಮರು ದುಡ್ಡು ಕೇಳಲಿಲ್ಲ, ಡೀಸೆಲ್‌ಗೆ ಅಂತ ನಾವೇ ಬಲವಂತ ಮಾಡಿ ಕೊಟ್ಟೆವು.

ಶಿವಮೊಗ್ಗಕ್ಕೆ ತಂದು ಪರಿಚಯದ ಮೆಕ್ಯಾನಿಕ್ ಹತ್ತಿರ ಗಾಡಿ ಎತ್ತಿಸಿದೆ. ಕೆಸರು ತೊಳೆದ ಮೇಲೆ ಟ್ರಾನ್ಸ್‌ಫರ್ ಕೇಸ್‌ನ ಮುಂದಿನ ಬಾಯಿ ಕಂಡಿತು. ನಾಲ್ಕು ಬೋಲ್ಟ್ ತೂತು, ಅದರೊಳಗೆ ಹಳೇ ಗ್ರೀಸು ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಶಾಫ್ಟ್ ತೆಗೆದು ಬಹಳ ಕಾಲ ಆಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಕ್ರಾಸ್ (ಶಾಫ್ಟ್ ತುದಿಯ ಕೀಲು) ಸವೆದು ಶಬ್ದ ಬರೋಕೆ ಶುರುವಾದಾಗ ಹೊಸದು ಹಾಕಿಸುವ ಬದಲು ಬಿಚ್ಚಿ ಇಡೋದು ಮಾಮೂಲಿ ಅಂತ ಮೆಕ್ಯಾನಿಕ್ ಹೇಳಿದರು. ಟಾರ್ ರಸ್ತೆಯಲ್ಲಷ್ಟೇ ಓಡಿಸುವವರಿಗೆ ಅದರಿಂದ ತೊಂದರೆಯೂ ಇಲ್ಲ. ಡೀಲರ್‌ಗೆ ಫೋನ್ ಮಾಡಿದರೆ, "ನಮಗೆ ಹೇಗೆ ಬಂತೋ ಹಾಗೇ ಕೊಟ್ಟಿದ್ದೀವಿ ಸರ್, ಲೈಟ್ ಬರುತ್ತಲ್ಲಾ" ಅಂದರು. ಈ ಉತ್ತರ ಕೇಳಿ ನನಗೆ ಸಿಟ್ಟಿಗಿಂತ ನಗು ಬಂತು.

ನೀವು ಗಾಡಿ ನೋಡೋಕೆ ಹೋದಾಗ ಜೊತೆಗೊಂದು ಟಾರ್ಚು, ಒಂದು ಹಳೇ ಚೀಲ ಇರಲಿ. ಚೀಲ ಹಾಸಿ ಮಲಗಿ ಕೆಳಗೆ ನೋಡಿ. ಟ್ರಾನ್ಸ್‌ಫರ್ ಕೇಸ್‌ನಿಂದ ಎರಡೂ ಕಡೆ ಶಾಫ್ಟ್ ಹೋಗಿರಬೇಕು. ಇಷ್ಟಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಆಮೇಲೆ ಜಲ್ಲಿ ಅಥವಾ ಮಣ್ಣಿನ ನೆಲದಲ್ಲಿ ಫೋರ್ ಎಚ್‌ಗೆ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ನಿಧಾನಕ್ಕೆ ಬಿಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಎರಡನ್ನೂ ಒಟ್ಟಿಗೆ ಬಿಗಿದಾಗ ಯಾರೋ ಬ್ರೇಕ್ ಹಿಡಿದ ಹಾಗೆ ಗಾಡಿ ಜಗ್ಗುತ್ತದೆ. ಹಾಗೆ ಜಗ್ಗಿದರೆ ಒಳ್ಳೆಯ ಲಕ್ಷಣ. ಹೂವಿನಂತೆ ಹಗುರಾಗಿ ತಿರುಗಿದರೆ ಅನುಮಾನ ಪಡಿ. ಒಣ ಟಾರ್ ಮೇಲೆ ಈ ಪರೀಕ್ಷೆ ಬೇಡ, ಒಳಗಿನ ಭಾಗಗಳಿಗೆ ಪೆಟ್ಟು.

ಆರ್‌ಸಿ ಕೂಡ ಸರಿಯಾಗಿ ನೋಡಿ. ಪಿಕಪ್‌ಗಳಲ್ಲಿ ವೈಟ್ ಬೋರ್ಡೂ ಇವೆ, ಹಳದಿ ಬೋರ್ಡೂ ಇವೆ. ಹಳದಿ ಬೋರ್ಡ್ ಆದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಹಿಂದಿನ ಬಾಡಿಯಲ್ಲಿ ಹುಡುಗರನ್ನು ಕೂರಿಸಿಕೊಂಡು ಹೋಗೋದು ನಮ್ಮ ಕಡೆ ಸಾಮಾನ್ಯ. ಸರಕು ಗಾಡಿಯಲ್ಲಿ ಸುಮ್ನೆ ಕೂತು ಬಂದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. ಏನಾದರೂ ಆದರೆ ಹೊರೆ ಮಾಲೀಕನ ತಲೆಗೇ. ಇನ್ನು ಹಳೆ ಗಾಡಿಯ ಇನ್ಶೂರೆನ್ಸ್. ಮೂರನೆಯವರಿಗೆ ಆಗುವ ನಷ್ಟದ ಭಾಗ ತಾನಾಗಿ ನಿಮ್ಮ ಹೆಸರಿಗೆ ಬರುತ್ತದೆ. ನಿಮ್ಮ ಗಾಡಿಗೇ ಆಗುವ ಡ್ಯಾಮೇಜಿನ ಭಾಗ ಬರೋದಿಲ್ಲ, ಅದನ್ನು ಗಾಡಿ ಕೊಂಡ 14 ದಿನದೊಳಗೆ ಅರ್ಜಿ ಕೊಟ್ಟು ಮಾಡಿಸಿಕೊಳ್ಳಬೇಕು. ಇಂಜಿನ್‌ಗೆ ನೀರು ನುಗ್ಗಿ ಕೆಟ್ಟರೆ ಇಂಜಿನ್ ಪ್ರೊಟೆಕ್ಟ್ ಅನ್ನೋ ಬೇರೆ ಕವರ್ ಇಲ್ಲದಿದ್ದರೆ ಸಾಮಾನ್ಯವಾಗಿ ದುಡ್ಡು ಸಿಗೋದಿಲ್ಲ.

2023ರ ಏಪ್ರಿಲ್‌ನಿಂದ ಹಳೆ ಗಾಡಿ ಡೀಲರ್‌ಗಳಿಗೆ ಸಾರಿಗೆ ಇಲಾಖೆಯ ಅಧಿಕಾರ ಪತ್ರ ಇರಬೇಕು ಅಂತ ಕೇಂದ್ರದ ನಿಯಮ ಬಂದಿದೆ. ಅಡ್ವಾನ್ಸ್ ಕೊಡುವ ಮೊದಲು ಅದನ್ನು ತೋರಿಸಿ ಅಂತ ಕೇಳಿ.

ನನ್ನ ವಿಷಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದೆ. ಕೊಟ್ಟ ಹಣ 50 ಲಕ್ಷದವರೆಗಿನ ದೂರು ಅಲ್ಲೇ ಕೊಡಬಹುದು. 5 ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಂಡ ಗಾಡಿ ವ್ಯಾಪಾರಕ್ಕೆ ಅಂತ ಆದರೆ ತಗಾದೆ ಬರುತ್ತದೆ, ಹಾಗಾಗಿ ಸ್ವಂತ ತೋಟಕ್ಕೆ, ಮನೆ ಬಳಕೆಗೆ ಅನ್ನೋದು ದೂರಿನಲ್ಲಿ ಸ್ಪಷ್ಟ ಇರಲಿ ಅಂತ ವಕೀಲರು ಹೇಳಿದ್ದಾರೆ. ನನ್ನ ಕೈಯಲ್ಲಿರುವ ಗಟ್ಟಿ ಆಧಾರ ಡೀಲರ್ ಕಳಿಸಿದ ವಾಟ್ಸಾಪ್ ಮೆಸೇಜು. "ಫೋರ್ ಬೈ ಫೋರ್ ವರ್ಕಿಂಗ್ ಕಂಡೀಷನ್" ಅಂತ ಅವರೇ ಟೈಪ್ ಮಾಡಿದ್ದಾರೆ, ಕೆಳಗೆ ಹಸಿರು ಲೈಟಿನ ಫೋಟೋ ಬೇರೆ. ನೀವೂ ಬಾಯಿಮಾತಿಗೆ ಬಿಡಬೇಡಿ, ಎಲ್ಲವನ್ನೂ ಮೆಸೇಜಲ್ಲೇ ಕೇಳಿ ಬರೆಸಿಕೊಳ್ಳಿ. ಕರಾರಿನಲ್ಲಿ "ಇದ್ದ ಸ್ಥಿತಿಯಲ್ಲಿ" ಅಂತ ಬರೆದಿದ್ದರೆ ಸಹಿ ಹಾಕುವ ಮೊದಲು ಅದರ ಕೆಳಗೇ ಮುಂದಿನ ಶಾಫ್ಟ್ ಇದೆ, ಫೋರ್ ವೀಲ್ ಡ್ರೈವ್ ನಡೆಯುತ್ತಿದೆ ಅಂತ ಒಂದು ಸಾಲು ಸೇರಿಸಲು ಹೇಳಿ. ಅದಕ್ಕೆ ಒಪ್ಪದಿದ್ದರೆ ಗಾಡಿ ಅಲ್ಲೇ ಬಿಟ್ಟು ಬನ್ನಿ.