ಟ್ಯೂನಿಸ್ ಬಾಗಿಲುಗಳು: ಹಳೇಪೇಟೆಯೋ, ಸಿದಿ ಬೂ ಸಯೀದೋ?

ಟ್ಯುನೀಶಿಯಾದ ರಾಜಧಾನಿ ಟ್ಯೂನಿಸ್‌ನಲ್ಲಿ ಬಾಗಿಲು ನೋಡೋಕೆ ಒಂದೇ ದಿನ ಇದೆಯಾ? ಬರೀ ಬಣ್ಣ ಸಾಕು ಅಂದ್ರೆ ಹತ್ತಿರದ ಕಡಲತೀರದ ಊರು ಸಿದಿ ಬೂ ಸಯೀದ್. ಕೈಕೆಲಸ ನೋಡಬೇಕಿದ್ದರೆ ಹಳೇಪೇಟೆ, ಅಂದರೆ ಮದೀನಾ. ನನ್ನ ಆಯ್ಕೆ ಮದೀನಾನೇ.

1979ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ ಇದು. ಪಾಷಾ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಕೆತ್ತಿದ ಕಲ್ಲಿನ ಚೌಕಟ್ಟು, ಹಳದಿ ಬಳಿದ ಮರ. ಅದರ ಮೇಲೆ ಗುಂಡುತಲೆಯ ಕಪ್ಪು ಮೊಳೆಗಳಲ್ಲೇ ನಕ್ಷತ್ರ, ಅರ್ಧಚಂದ್ರ ಬಿಡಿಸಿದ್ದಾರೆ. ಥೇಟ್ ಚುಕ್ಕಿ ರಂಗೋಲಿ! ಹತ್ತಿರ ಹೋಗಿ ನೋಡಿ, ಕೆಲವು ದೊಡ್ಡ ಬಾಗಿಲುಗಳ ಒಳಗೇ ಪುಟ್ಟ ಬಾಗಿಲಿರುತ್ತದೆ, ನಮ್ಮ ಕೋಟೆಗಳ ದಿಡ್ಡಿ ಬಾಗಿಲಿನ ಹಾಗೆ. ಅಲ್ಲಿ ಅದಕ್ಕೆ ಖೂಖಾ ಅಂತಾರೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ಸಿದಿ ಬೂ ಸಯೀದ್ ಸುಮಾರು 20 ಕಿ.ಮೀ. ದೂರ. ಬಿಳಿ ಗೋಡೆ, ನೀಲಿ ಬಾಗಿಲು, ಕೆಳಗೆ ಸಮುದ್ರ. ಫೋಟೋಗೆ ಚೆಂದ, ಆದರೆ ಜನ ಜಾಸ್ತಿ. ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ.