ಕಾರಿನ ಸ್ಪೀಕರ್ ಹೋಗಿದ್ಯಾ, ವೈರ್ ಹೋಗಿದ್ಯಾ? ಮೀಟರ್, ಸೆಲ್, ಅಂಗಡಿ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್‌ಗೆ. ಮಧ್ಯದಲ್ಲಿ ದೊಡ್ಡ ತಿರುಗಣೆ ಇರುವ ಅಗ್ಗದ ಡಿಟಿ-830. ಮುನ್ನೂರು ರೂಪಾಯಿ ಒಳಗೇ ಸಿಕ್ಕಿತು. ಇಲ್ಲೇ ಬಳ್ಳಾರಿಯ ಒಂದು ಕಾರ್ ಅಕ್ಸೆಸರೀಸ್ ಅಂಗಡಿಯಲ್ಲಿ ನನ್ನ ಹಳೇ ಕಾರಿನ ಮುಂದಿನ ಸ್ಪೀಕರ್ ಬದಲಾಯಿಸಲು ಮೂರು ಸಾವಿರದ ಮೇಲೆ ಕೇಳಿದ್ದರು. "ಎಡಗಡೆದು ಸುಟ್ಟಿದೆ ಸರ್, ಹಾಕಿದ್ರೆ ಜೋಡಿನೇ ಹಾಕ್ಬೇಕು" ಅಂದರು. ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹಲಗೆ, ಬಿಚ್ಚಿರಲಿಲ್ಲ. ವಾಲ್ಯೂಮ್ ಏರಿಸಿ ಕಿವಿ ಇಟ್ಟು ಕೇಳಿದ್ದಷ್ಟೇ. ಸ್ಪೀಕರ್ ಸುಟ್ಟೇ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಸ್ಟೀರಿಯೋದಲ್ಲಿ ಸದ್ದನ್ನು ಎಡ-ಬಲಕ್ಕೆ ಸರಿಸುವ ಬ್ಯಾಲೆನ್ಸ್ ಮತ್ತು ಹಿಂದೆ-ಮುಂದೆ ಸರಿಸುವ ಫೇಡರ್‌ನಿಂದ ಶುರು ಮಾಡಿ, ಅದಕ್ಕೆ ಕಾಸಿಲ್ಲ. ಯಾವ ಬಾಗಿಲಲ್ಲಿ ತೊಂದರೆ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗಲ್ಲ.

ರಿಮೋಟ್‌ಗೆ ಹಾಕುವ 1.5 ವೋಲ್ಟ್ ಸೆಲ್ ಇನ್ನೊಂದು ದಾರಿ. ಸ್ಪೀಕರ್‌ನ ವೈರ್ ಕಳಚಿ, ಎರಡು ತುಂಡು ವೈರ್‌ನಲ್ಲಿ ಸೆಲ್ ಅನ್ನು ಒಂದು ಕ್ಷಣ ತಾಗಿಸಿದರೆ ಟಪ್ ಅನ್ನಬೇಕು. ಪ್ಲಸ್‌ಗೆ ಪ್ಲಸ್ ಕೊಟ್ಟರೆ ಕೋನ್, ಅಂದರೆ ಸ್ಪೀಕರ್‌ನ ಅಲುಗುವ ಮುಖ, ಸಾಮಾನ್ಯವಾಗಿ ಹೊರಕ್ಕೆ ಬರುತ್ತದೆ, ಉಲ್ಟಾ ಕೊಟ್ಟರೆ ಒಳಕ್ಕೆ ಹೋಗುತ್ತದೆ. ಎರಡು ಬಾಗಿಲ ಪೈಕಿ ಒಂದರಲ್ಲಿ ವೈರ್ ಉಲ್ಟಾ ಕೂತಿದ್ದರೆ ಬೇಸ್, ಅಂದರೆ ದಪ್ಪ ಸದ್ದು, ಬಡವಾಗುತ್ತದೆ. ಸ್ಟೀರಿಯೋ ಕಡೆಯ ಕಳಚಿದ ತುದಿಯಲ್ಲಿ ತಾಗಿಸಿದರೆ ಅದನ್ನು ಸೆಲ್ ಹಿಡಿದುಕೊಡುತ್ತದೆ, ನನ್ನ ಮೀಟರ್‌ನ ಓಮ್ ಲೆಕ್ಕಕ್ಕೆ (ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಅನ್ನುವ ಅಳತೆ) ಅದು ಸಿಗಲ್ಲ. ಆದರೆ ಸೆಲ್ ಹಿಡಿದುಕೊಂಡೇ ಕೂರಬೇಡಿ, ಕೋನ್ ಹಿಂದಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಬಿಸಿಯಾಗುತ್ತದೆ. 9 ವೋಲ್ಟ್ ಬ್ಯಾಟರಿಯಲ್ಲಿ ಮಾಡುವವರೂ ಇದ್ದಾರೆ. ನನಗೆ ಅಷ್ಟು ಧೈರ್ಯ ಬೇಡ.

ಸ್ಟೀರಿಯೋ ಹಿಂದೆ ಎಡ-ಬಲದ ವೈರ್ ಅದಲು ಬದಲು ಮಾಡಿ ನೋಡುವುದೂ ಒಳ್ಳೆಯದೇ. ತೊಂದರೆ ಇನ್ನೊಂದು ಬಾಗಿಲಿಗೆ ಹೋದರೆ ಸ್ಟೀರಿಯೋದ್ದೇ ತಪ್ಪು. ಹೊರಗಿನಿಂದ ತಂದು ಹಾಕಿಸಿದ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಬಿಳಿ ಮುಂದಿನ ಎಡ, ಬೂದಿ ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಕಂಪನಿಯಿಂದಲೇ ಬಂದ ವೈರಿಂಗ್‌ಗೆ ಈ ಬಣ್ಣದ ಲೆಕ್ಕ ನಡೆಯಲ್ಲ.

ಇನ್ನು ಮೀಟರ್. ಸ್ಟೀರಿಯೋ ಆಫ್ ಮಾಡಿ, ಹಿಂದಿನ ಕನೆಕ್ಟರ್ ಕಳಚಿ, ಮೀಟರ್‌ನ ತಿರುಗಣೆಯನ್ನು 200 ಓಮ್‌ಗೆ ಇಡಿ. ಮೊದಲು ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ. ನನ್ನದರಲ್ಲಿ 0.4 ಬರುತ್ತದೆ, ಅದು ಮೀಟರ್‌ನ ವೈರ್‌ದೇ, ಕಳೆದುಬಿಡಿ. 4 ಓಮ್ ಸ್ಪೀಕರ್ ಸರಿಯಿದ್ದರೆ 3.2ರಿಂದ 3.8 ತೋರಿಸುತ್ತದೆ. 4 ಬರಲಿಲ್ಲ ಅಂತ ಗಾಬರಿ ಬೇಡ. ಮೀಟರ್ ಪರದೆಯ ಎಡತುದಿಯಲ್ಲಿ ಬರೀ 1 ನಿಂತರೆ (ಒಂದು ಓಮ್ ಅಲ್ಲ, ಅಳತೆ ಮೀರಿದೆ ಅಂತ) ಕಾಯಿಲ್ ಅಥವಾ ವೈರ್ ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಶಾರ್ಟ್. ಬೀಪ್ ಸದ್ದು ನಂಬಬೇಡಿ. ಚೆನ್ನಾಗಿರುವ ಕಾಯಿಲ್‌ಗೂ ಕೂಗುತ್ತದೆ, ಶಾರ್ಟ್ ಆದದ್ದಕ್ಕೂ ಕೂಗುತ್ತದೆ. ಟ್ವೀಟರ್‌ಗೆ (ತೆಳು ಸದ್ದಿನ ಚಿಕ್ಕ ಸ್ಪೀಕರ್) ಸರಣಿಯಲ್ಲಿ ಕೆಪಾಸಿಟರ್, ಅಂದರೆ ಮೀಟರ್‌ನ ಕರೆಂಟನ್ನು ತಡೆಯುವ ಪುಟ್ಟ ಭಾಗ, ಕೂತಿದ್ದರೆ ಅದು ಚೆನ್ನಾಗಿದ್ದರೂ 1 ತೋರಿಸುತ್ತದೆ, ಬಿಸಾಡಬೇಡಿ.

ನನ್ನ ತಲೆ ತಿಂದದ್ದು ಇದ್ಯಾವುದೂ ಅಲ್ಲ. ಕನೆಕ್ಟರ್‌ನಲ್ಲಿ ಅಳೆದರೆ 3.9, ಅಂದರೆ 0.4 ಕಳೆದು 3.5. ಎಲ್ಲ ಸರಿ. ಜೋಡಿಸಿ ಹಾಡು ಹಾಕಿದರೆ ಎಡಗಡೆ ಮೌನ. ಮತ್ತೆ ಕಳಚಿ ಅಳೆದರೆ ಮತ್ತೆ 3.9! ಬಾಗಿಲು ಹಾಕಿದಾಗ ಮಾತ್ರ ಸದ್ದು ಹೋಗುತ್ತದೆ ಅನ್ನೋದು ಹೊಳೆಯಲು ಹೊತ್ತು ಹಿಡಿಯಿತು. ಮೀಟರ್ ಹಿಡಿದಾಗೆಲ್ಲ ಬಾಗಿಲು ತೆಗೆದೇ ಇರುತ್ತಿತ್ತು ನೋಡಿ.

ತಮ್ಮನನ್ನು ಕರೆದು ಬಾಗಿಲು ನಿಧಾನಕ್ಕೆ ಹಾಕಿ ತೆಗೆಯಲು ಹೇಳಿದೆ. ಅಂಕಿ 3.9, 1, 12, ಮತ್ತೆ 3.9 ಅಂತ ಕುಣಿಯಿತು. ಆದರೆ ಕಡ್ಡಿ ಹಿಡಿದ ನನ್ನ ಕೈಯೂ ಅಲುಗುತ್ತಿತ್ತಲ್ಲ, ಕುಣಿಯುತ್ತಿರುವುದು ವೈರೋ ಕೈಯೋ? ಇಲ್ಲೇ ಈ ಅಗ್ಗದ ಮೀಟರ್ ಸಿಟ್ಟು ತರಿಸುವುದು. ಕನೆಕ್ಟರ್ ತೂತಿನಲ್ಲಿ ಅದರ ಕಡ್ಡಿ ನಿಲ್ಲಲ್ಲ, ಜೊತೆಗೆ ಕ್ಲಿಪ್ಪೂ ಕೊಡಲ್ಲ. "ಅಣ್ಣಾ, ಇನ್ನೂ ಎಷ್ಟು ಸಲ ಹಾಕ್ಲಿ?" ಅಂತ ಅವನ ಗೊಣಗಾಟ ಬೇರೆ. ಕೊನೆಗೆ ಎರಡು ಕ್ರೊಕೊಡೈಲ್ ಕ್ಲಿಪ್ ತಂದು, ಕನೆಕ್ಟರ್‌ಗೆ ಗುಂಡುಪಿನ್ ಚುಚ್ಚಿ, ಅದಕ್ಕೆ ಕ್ಲಿಪ್ ಕಚ್ಚಿಸಿದೆ. ಕೈ ಬಿಟ್ಟು ದೂರ ಕೂತೆ. ಬಾಗಿಲು ಮುಕ್ಕಾಲು ಮುಚ್ಚುತ್ತಿದ್ದಂತೆ 1, ತೆಗೆದರೆ 3.9. ಪ್ರತಿ ಸಲವೂ ಹಾಗೇ.

ಬಾಗಿಲಿಗೂ ಬಾಡಿಗೂ ನಡುವೆ ವೈರ್ ಹೋಗುವ ರಬ್ಬರ್ ಕೊಳವೆ ಇರುತ್ತದಲ್ಲ, ಕಡಿದಿದ್ದು ಅದರೊಳಗೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿಯೇ ಇತ್ತು, ಒಳಗಿನ ತಾಮ್ರದ ಎಳೆ ತುಂಡಾಗಿತ್ತು. ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಮೆಲ್ಲಗೆ ಎಳೆದರೆ ಆ ಜಾಗದಲ್ಲಿ ಮಾತ್ರ ರಬ್ಬರ್ ಬ್ಯಾಂಡ್ ಥರ ಹಿಗ್ಗುತ್ತದೆ. ಕೊಳವೆಯೊಳಗೆ ಬೆಸುಗೆ ಹಾಕಿದರೆ ಬಾಗಿಲು ಮಡಿಚುವ ಜಾಗದಲ್ಲಿ ಮತ್ತೆ ಕಡಿಯುತ್ತದೆ. ಅದಕ್ಕೇ ಹೊಸ ವೈರ್ ತೂರಿಸಿ, ಜೋಡಣೆಗಳನ್ನು ಆಚೀಚೆ ತೆಗೆದುಕೊಂಡೆ. ಟೇಪು, ವೈರು ಎಲ್ಲ ಸೇರಿ ನೂರು ರೂಪಾಯಿ ದಾಟಲಿಲ್ಲ.

ವೈರ್ ಬಿಚ್ಚಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಒಂದು ಕಡ್ಡಿ ಸ್ಪೀಕರ್ ವೈರ್‌ಗೆ, ಇನ್ನೊಂದು ಕಾರಿನ ಲೋಹದ ಮೈಗೆ (ಬಾಡಿ). 1 ಬರಬೇಕು. ಈಗಿನ ಸ್ಟೀರಿಯೋಗಳಲ್ಲಿ ಸ್ಪೀಕರ್ ಮೈನಸ್ಸನ್ನು ಬಾಡಿಗೆ ತಾಗಿಸುವಂತಿಲ್ಲ. ಒಂದೇ ಒಂದು ವೈರ್ ಸವೆದು ಬಾಡಿಗೆ ತಾಗಿದರೂ ನಾಲ್ಕೂ ಸ್ಪೀಕರ್ ಬಂದ್ ಆಗಬಹುದು.

ಮೀಟರ್ ಸೋಲುವುದು ನಮ್ಮ ಕಡೆಯ ಧೂಳಿನ ಮುಂದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಪ್ಯಾಡ್ ಬಿಚ್ಚಿದರೆ ಕೆಂಪು ಪುಡಿ ಉದುರುತ್ತದೆ. ಅದು ಕಾಯಿಲ್‌ನ ಸಂದಿಗೆ ಹೋದರೆ ಸದ್ದು ಕರಕರ ಅನ್ನುತ್ತದೆ, ಮೀಟರ್ ಮಾತ್ರ 3.5 ಅಂತ ಹಾಯಾಗಿ ತೋರಿಸುತ್ತದೆ. ಇಲ್ಲಿ ಬೆರಳೇ ಬೇಕು. ಕೋನಿನ ಎರಡೂ ಬದಿ ಸಮನಾಗಿ ಹಿಡಿದು ಮೆಲ್ಲಗೆ ಒತ್ತಿ. ಉಜ್ಜಿದ ಹಾಗೆ ಅನ್ನಿಸಿದರೆ ಆ ಸ್ಪೀಕರ್ ಕಥೆ ಮುಗಿಯಿತು.

ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಗಾಡಿ ಕೆದಕುವುದು ನನ್ನ ಚಾಳಿ, ಜೇಬೂ ಅಷ್ಟಕ್ಕಷ್ಟೇ. ಆದ್ದರಿಂದ ನನಗೆ ಮೀಟರ್ರೇ ಸೈ. ಮನೆಯ ಇನ್ವರ್ಟರ್ ಬ್ಯಾಟರಿ ನೋಡಲೂ ಅದೇ ಆಯಿತು. ಪ್ಯಾಡ್ ಬಿಚ್ಚಿದರೆ ಕ್ಲಿಪ್ ಮುರಿಯುತ್ತದೆ ಅಂತ ಹೆದರುವವರು ಅಂಗಡಿಗೇ ಹೋಗಿ, ತಪ್ಪೇನಿಲ್ಲ. ಸುಮ್ನೆ ಒಂದು ಮಾತು ಕೇಳಿ: "ಅಳೆದು ತೋರಿಸ್ತೀರಾ? ಬಾಗಿಲು ಹಾಕಿ ಒಂದ್ಸಲ, ತೆಗೆದು ಒಂದ್ಸಲ." ಮೀಟರ್ ಇಲ್ಲ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ.